ಕಿರಿದಾದ ನಾಳದಿಂದ ರಕ್ತಸ್ರಾವ ಏಕೆ?

ಪ್ರಶ್ನೆ: ಮೋಯಾಮೋಯಾ ಕಾಯಿಲೆಯಲ್ಲಿ ಮೆದುಳಿನ ಅಪಧಮನಿಗಳು ಕಿರಿದಾಗುತ್ತವೆ ಎನ್ನುತ್ತಾರೆ, ಹಾಗಿದ್ದರೆ ರಕ್ತಸ್ರಾವವಾಗುವುದು ಹೇಗೆ?

ಉತ್ತರ: ಜಪಾನಿನ ಸುಝುಕಿ ಮತ್ತು ತಕಾಕು 1969ರಲ್ಲಿ ಹೆಸರಿಟ್ಟ ಈ ಅಪರೂಪದ ಕಾಯಿಲೆಯಲ್ಲಿ, ಕುತ್ತಿಗೆಯ ಮೂಲಕ ಮೆದುಳಿಗೆ ರಕ್ತವೊಯ್ಯುವ ಒಳ ಕೆರೋಟಿಡ್ ಅಪಧಮನಿಗಳ ತುದಿಭಾಗ ಕ್ರಮೇಣ ಮುಚ್ಚಿಕೊಳ್ಳುತ್ತ ಹೋಗುವುದರಿಂದ, ಆ ಕೊರತೆಯನ್ನು ತುಂಬಲು ಮೆದುಳಿನ ತಳದಲ್ಲಿ ಹಿಗ್ಗುವ ಸೂಕ್ಷ್ಮನಾಳಗಳು ತಮ್ಮ ತೆಳುಗೋಡೆ ತಾಳಲಾರದ ಒತ್ತಡವನ್ನು ಹೊರಬೇಕಾಗುತ್ತದೆ. ಅವು ನೇರವಾಗಿ ಒಡೆಯಬಹುದು, ಇಲ್ಲವೇ ಗೋಡೆ ದುರ್ಬಲವಾದೆಡೆ ಗುಳ್ಳೆಯಂತೆ ಉಬ್ಬಿ, ಅಂದರೆ ಅನ್ಯೂರಿಸಂ ಆಗಿ, ಬಳಿಕ ಬಿರಿದು ಮೆದುಳಿನೊಳಗಿನ ದ್ರವಕುಹರಗಳಿಗೆ ರಕ್ತ ಸುರಿಸಬಹುದು. ಹೆಚ್ಚುವರಿ ಹರಿವನ್ನು ಹೊರುವ ಹಿಂಭಾಗದ ಬೇಸಿಲಾರ್ ಅಪಧಮನಿಯಲ್ಲೂ ಇಂಥ ಉಬ್ಬುಗಳು ಕಾಣಿಸಿಕೊಳ್ಳುತ್ತವೆ. ಮಕ್ಕಳಿಗಿಂತ ವಯಸ್ಕರಲ್ಲಿ ಈ ಅಪಾಯ ಹೆಚ್ಚು. ತಲೆಚರ್ಮದ ಅಪಧಮನಿಯನ್ನು ಮೆದುಳಿನ ಅಪಧಮನಿಗೆ ಜೋಡಿಸುವ ಬೈಪಾಸ್ ಶಸ್ತ್ರಚಿಕಿತ್ಸೆಯ ನಂತರ ಸೂಕ್ಷ್ಮನಾಳಗಳ ಹೊರೆ ಇಳಿದು, ಕೆಲವೊಮ್ಮೆ ಸಣ್ಣ ಉಬ್ಬುಗಳು ತಾವಾಗಿಯೇ ಮಾಯವಾಗುವುದು ನಿಜಕ್ಕೂ ಭರವಸೆಯ ಸಂಗತಿ.