ಪುರಾಣವೂ ಐತಿಹ್ಯವೂ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಸ್ಥಳಕ್ಕೊಂದು ಕಥೆಯುಂಟು. ಇವನ್ನು ಬರೆಹಕ್ಕೆ ಇಳಿಸುವವರು ಪುರಾಣ, ಐತಿಹ್ಯ ಎಂಬ ಎರಡು ಶಬ್ದಗಳನ್ನು ಒಂದೇ ಅರ್ಥದಲ್ಲಿ ಬಳಸುತ್ತಿರುವುದು ಕಂಡುಬರುತ್ತದೆ. ಕೆಲವರಿಗಂತೂ ಎರಡೂ ಕಟ್ಟುಕಥೆಯ ಪರ್ಯಾಯಪದಗಳು. ಇದರಿಂದಾಗುವ ಹಾನಿ ನಿಘಂಟಿನಾಚೆಗೂ ಚಾಚಿಕೊಂಡಿರುವುದರಿಂದ ಈ ವಿವೇಚನೆ ಅವಶ್ಯವೆನಿಸಿತು.

ಪುರಾಣವೆಂದರೆ ಹಳೆಯದು. ಹಿಂದೆ ಹೊಸತಾಗಿದ್ದುದೇ ಪುರಾಣವೆಂದು ಯಾಸ್ಕನು ನಿರ್ವಚಿಸಿದ್ದಾನೆ. ಸರ್ಗ, ಪ್ರತಿಸರ್ಗ, ವಂಶ, ಮನ್ವಂತರ, ವಂಶಾನುಚರಿತಗಳೆಂಬ ಪಂಚಲಕ್ಷಣಗಳು ಪ್ರಸಿದ್ಧವೇ ಇವೆ. ಪುರಾಣಕ್ಕೆ ಗ್ರಂಥವಿದೆ, ಹೇಳುವವರಿದ್ದಾರೆ, ಆರಂಭ-ಮಂಗಲಗಳಿವೆ. ನಮ್ಮ ಕಡೆ ಶ್ರಾವಣ ಬಂದಿತೆಂದರೆ ಮಠಗಳಲ್ಲಿ ‘ಪುರಾಣ ಹಚ್ಚುತ್ತಾರೆ’. ಶಾಸ್ತ್ರಿಗಳು ಓದಿ ಅರ್ಥ ಹೇಳುತ್ತಾರೆ. ತಿಂಗಳು ತುಂಬಿದಾಗ ಮಂಗಲವಾಗುತ್ತದೆ. (ಮಂಗಲವಿಲ್ಲದ ಮಾತಿಗೂ ಜನ ‘ಪುರಾಣ’ವೆನ್ನುವುದುಂಟು, ಅದು ವಿನೋದ.)

ಐತಿಹ್ಯ ಶಬ್ದವು ‘ಇತಿ’, ‘ಹ’ ಎಂಬ ಅವ್ಯಯಗಳಿಂದ ಹುಟ್ಟಿದೆ. ಇತಿಹಾಸದಲ್ಲಿಯೂ ಇವೇ ಇವೆ. ಅಲ್ಲಿ ‘ಆಸ’ ಎಂಬ ಕ್ರಿಯಾಪದ ಸೇರಿ ‘ಹೀಗೆಯೇ ಇದ್ದಿತು’ ಎಂಬ ಅರ್ಥ ನಿಲ್ಲುತ್ತದೆ. ಐತಿಹ್ಯದಲ್ಲಿ ಆ ‘ಇದ್ದಿತು’ ಇಲ್ಲ. ‘ಹೀಗಂತೆ’ ಎಂಬಷ್ಟೇ ಇದೆ. ಮೊದಲು ನುಡಿದವರು ಇಂಥವರೆಂದು ತಿಳಿಯದೆ ಪರಂಪರೆಯಿಂದ ಬಂದ ಮಾತೇ ಐತಿಹ್ಯವೆಂಬುದು ನ್ಯಾಯಭಾಷ್ಯಕಾರ ವಾತ್ಸ್ಯಾಯನನ ಅಭಿಪ್ರಾಯ. ನಮ್ಮ ಹಳ್ಳಿಯ ಹಿರಿಯರು ಕಥೆ ಮುಗಿಸಿ ‘ಹಿಂಗಂತಾರ ನೋಡ್ರಿ’ ಎನ್ನುವಾಗ ಆ ಸಂಸ್ಕೃತ ಪದವನ್ನೇ ತಮ್ಮ ನುಡಿಯಲ್ಲಿ ಉಚ್ಚರಿಸುತ್ತಾರೆ. ನೈಯಾಯಿಕರು ಐತಿಹ್ಯವನ್ನು ಪ್ರತ್ಯೇಕ ಪ್ರಮಾಣವೆಂದು ಎಣಿಸದೆ ಶಬ್ದಪ್ರಮಾಣದಲ್ಲಿ ಅಡಗಿಸಿದರೇ ಹೊರತು ಸುಳ್ಳೆಂದು ತಳ್ಳಿಹಾಕಲಿಲ್ಲ.

ಸವದತ್ತಿಯ ಉದಾಹರಣೆಯನ್ನೇ ನೋಡೋಣ. ಭಾಗವತದ 9ನೆಯ ಸ್ಕಂಧದಲ್ಲಿ ಜಮದಗ್ನಿಯ ಪತ್ನಿ ರೇಣುಕೆಯು ಹೋಮಕ್ಕೆ ನೀರು ತರಲು ಹೋಗುವುದು ಗಂಗೆಗೆ. ಅಲ್ಲಿ ಗಂಧರ್ವ ಚಿತ್ರರಥನನ್ನು ಕಂಡು ತಡಮಾಡುತ್ತಾಳೆ. ಇದು ಪುರಾಣ. ಎಲ್ಲಮ್ಮನ ಗುಡ್ಡದ ಭಕ್ತರ ಬಾಯಲ್ಲಿ ಆ ನದಿ ಮಲಪ್ರಭೆ. ಭಾಗವತದಲ್ಲಿಲ್ಲದ ಉಸುಕಿನ ಕೊಡ, ಹಾವಿನ ಸಿಂಬೆ ಇಲ್ಲಿ ಬರುತ್ತವೆ. ಜೋಗುಳಬಾವಿ, ಎಣ್ಣೆಹೊಂಡಗಳು ಕಥೆಗೆ ಸಾಕ್ಷಿ ನಿಲ್ಲುತ್ತವೆ. ತಾಯಿ ಅವಳೇ, ಕಥೆ ಮಾತ್ರ ಈ ನೆಲದಲ್ಲಿ ಬೇರೂರಿ ಐತಿಹ್ಯವಾಗಿದೆ. ರಾಮದುರ್ಗ ತಾಲೂಕಿನ ಸುರೇಬಾನದ ಶಬರಿಕೊಳ್ಳದ್ದೂ ಇದೇ ಬಗೆ. ವಾಲ್ಮೀಕಿಯ ಶಬರಿ ಪಂಪೆಯ ದಂಡೆಯವಳು.

ಹಾಗಾದರೆ ಬಸವಪುರಾಣವೆಂಬ ಹೆಸರು ಹೇಗೆ ಸಲ್ಲುತ್ತದೆಂದು ಕೇಳಬಹುದು. ಬಸವಣ್ಣನವರು 12ನೆಯ ಶತಮಾನದ ಐತಿಹಾಸಿಕ ಪುರುಷರು. ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿಯನ್ನನುಸರಿಸಿ ಭೀಮಕವಿಯು 1369ರಲ್ಲಿ ಕನ್ನಡ ಬಸವಪುರಾಣವನ್ನು ರಚಿಸಿದನು. ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣವು 1584ರದು. ಇವುಗಳಿಗೆ ಪಂಚಲಕ್ಷಣಗಳ ಅಳತೆಗೋಲು ಹಿಡಿಯಲಾಗದು. ಪಠನಯೋಗ್ಯವಾದ ಪೂಜ್ಯಚರಿತೆ ಎಂಬರ್ಥಕ್ಕೆ ನಮ್ಮ ಕವಿಗಳು ಶಬ್ದವನ್ನು ಹಿಗ್ಗಿಸಿದ್ದಾರೆ. ಆದರೂ ಗ್ರಂಥ, ಕರ್ತೃ, ಶ್ರೋತೃಗಳೆಂಬ ಪುರಾಣದ ಕಟ್ಟು ಸಡಿಲಾಗಿಲ್ಲ.

ಇನ್ನು ಕಿತ್ತೂರಿನ ಮಾತು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆಯು ಅಲ್ಲಿ ಹತನಾದದ್ದು, ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡದ್ದು, ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ್ದು, ಇವು ಇತಿಹಾಸ. ರಾಯಣ್ಣನ ಸಮಾಧಿಯ ಬಳಿಯ ಆಲದ ಮರವನ್ನು ಅವನ ಒಡನಾಡಿಯೇ ನೆಟ್ಟನೆಂಬುದು, ಅಲ್ಲಿ ತೊಟ್ಟಿಲು ಕಟ್ಟಿ ಹರಕೆ ಹೊತ್ತವರಿಗೆ ಸಂತಾನವಾಗುವುದೆಂಬುದು ಐತಿಹ್ಯ. ಇದನ್ನು ಪುರಾಣವೆಂದರೆ ಎರಡು ಶತಮಾನವೂ ತುಂಬದ ಬಲಿದಾನವನ್ನು ಯುಗಾಂತರಕ್ಕೆ ಸಾಗಿಸಿದಂತಾಗುತ್ತದೆ. ಕಟ್ಟುಕಥೆಯೆನ್ನುವುದೂ ಸರಿಯಲ್ಲ, ಕಟ್ಟಿದವರು ಯಾರೆಂದು ತೋರಿಸಲು ಬಾರದು.

ಇದಕ್ಕಿಂತ ಅಪಾಯಕರವಾದುದು ‘ಅಂತೆ’ಯನ್ನು ಅಳಿಸಿ ಐತಿಹ್ಯವನ್ನೇ ಇತಿಹಾಸವೆಂದು ಅಚ್ಚು ಹಾಕಿಸುವುದು. ಮರವನ್ನು ನೆಟ್ಟವರು ಬೇರೆಯೆಂದು ನಾಳೆ ಯಾರಾದರೂ ಸಾಧಿಸಿದರೆ, ಅದೇ ಪುಟದಲ್ಲಿರುವ ಗಲ್ಲಿನ ಸಂಗತಿಯನ್ನೂ ಓದುಗರು ಸಂಶಯದಿಂದ ನೋಡತೊಡಗುತ್ತಾರೆ.