ಆನ್‌ಲೈನ್‌ನಲ್ಲಿ ಕೊಂಡ ಫೋನ್ ಕೆಟ್ಟರೆ ಯಾರನ್ನು ಕೇಳಬೇಕು, ಹೇಗೆ ಕೇಳಬೇಕು?

ವೈಟ್‌ಫೀಲ್ಡ್ ಸುತ್ತಮುತ್ತ ಪಾರ್ಸೆಲ್ ಬರುವುದು ಹಗಲು ಹೊತ್ತಿನಲ್ಲಿ. ಆಗ ಮನೆಯಲ್ಲಿ ಯಾರೂ ಇರುವುದಿಲ್ಲ. ಅಪಾರ್ಟ್‌ಮೆಂಟಾದರೆ ಗೇಟಿನ ಸೆಕ್ಯುರಿಟಿಯವರು, ಪಿಜಿಯಾದರೆ ಅಡುಗೆಯವರು ತೆಗೆದಿಟ್ಟಿರುತ್ತಾರೆ. ಹೋಪ್ ಫಾರ್ಮ್ ಜಂಕ್ಷನ್ನಿನ ಟ್ರಾಫಿಕ್ ದಾಟಿ ನಾವು ಮನೆ ಸೇರಿ ಡಬ್ಬಿ ಒಡೆಯುವಷ್ಟರಲ್ಲಿ ರಾತ್ರಿ ಒಂಬತ್ತಾಗಿರುತ್ತದೆ. ಫೋನ್ ಆನ್ ಆಯಿತು, ಸಿಮ್ ಹಾಕಿದ್ದಾಯಿತು, ಹಳೆಯ ಫೋಟೊಗಳೂ ಬಂದವು. ಸರಿ, ಎಂದು ಡಬ್ಬಿಯನ್ನು ಕಸಕ್ಕೆ ಹಾಕುತ್ತೇವೆ.

ಕಾಡುಗೋಡಿಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗನೂ ಹಾಗೇ ಮಾಡಿದ್ದ. ಐದನೆಯ ದಿನ ಪರದೆಯ ಮೇಲೆ, ತುದಿಯಿಂದ ತುದಿಗೆ, ಒಂದು ಹಸಿರು ಗೆರೆ ಮೂಡಿತು. ನೋಡೋಣ ಎಂದು ಒಂದು ವಾರ ಬಿಟ್ಟ. ಆಮೇಲೆ ಆಪ್‌ನಲ್ಲಿ ಕೇಳಿದರೆ ‘ರಿಟರ್ನ್ ಅವಧಿ ಮುಗಿದಿದೆ, ಸರ್ವಿಸ್ ಸೆಂಟರಿಗೆ ಹೋಗಿ’ ಎಂದರು. ಸರ್ವಿಸ್ ಸೆಂಟರಿನಲ್ಲಿ ಸಿಮ್ ಟ್ರೇ ಹೊರಗೆಳೆದು, ಆ ಸಂದಿಗೆ ಟಾರ್ಚ್ ಬಿಟ್ಟು, ಒಳಗಿದ್ದ ಸಾಸಿವೆಯಷ್ಟು ಸ್ಟಿಕ್ಕರ್ ಕೆಂಪಗಾಗಿದೆ, ನೀರು ಹೋಗಿದೆ, ವಾರಂಟಿ ಬರುವುದಿಲ್ಲ ಎಂದರು. ಹುಡುಗ ಸುಮ್ಮನೆ ಫೋನ್ ಜೇಬಿಗೆ ಹಾಕಿಕೊಂಡು ಬಂದ. ಅವರು ಹೇಳಿದ್ದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳದೆ ಬಂದದ್ದೇ ಅವನು ಮಾಡಿದ ದೊಡ್ಡ ತಪ್ಪು. ಇಂಥ ವ್ಯಾಜ್ಯದಲ್ಲಿ ಗೆಲ್ಲುವುದೂ ಸೋಲುವುದೂ ಆ ಒಂದು ಕಾಗದದಿಂದ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರದು. ಜಾರಿಗೆ ಬಂದದ್ದು 2020ರ ಜುಲೈ 20ರಂದು. ಅದಾದ ಮೂರೇ ದಿನಕ್ಕೆ, ಜುಲೈ 23ಕ್ಕೆ, ಆನ್‌ಲೈನ್ ವ್ಯಾಪಾರಕ್ಕೆಂದೇ ಇ-ಕಾಮರ್ಸ್ ನಿಯಮಗಳು ಬಂದವು. ಕೊಟ್ಟ ವಸ್ತುವಿನಲ್ಲಿ ದೋಷವಿದ್ದರೆ, ಅದು ನಕಲಿಯಾಗಿದ್ದರೆ ಅಥವಾ ಜಾಹೀರಾತಿನಲ್ಲಿ ತೋರಿಸಿದಂತೆ ಇಲ್ಲದಿದ್ದರೆ ಮಾರಾಟಗಾರ ಅದನ್ನು ವಾಪಸ್ ಪಡೆಯಲು ನಿರಾಕರಿಸುವಂತಿಲ್ಲ, ಹಣ ಮರಳಿಸುವುದಿಲ್ಲ ಎನ್ನುವಂತಿಲ್ಲ. ಇದು ನಿಯಮದಲ್ಲೇ ಇದೆ. ಆಪ್‌ನಲ್ಲಿ ಕಾಣುವ ‘ಏಳು ದಿನದ ರಿಟರ್ನ್’ ಕಂಪನಿಯವರು ಮಾಡಿಕೊಂಡ ವ್ಯವಸ್ಥೆ. ಆ ಏಳು ದಿನ ಕಳೆದರೆ ಸುಲಭದ ದಾರಿ ಮುಚ್ಚುತ್ತದೆ, ನಿಮ್ಮ ಹಕ್ಕು ಮುಗಿಯುವುದಿಲ್ಲ. ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಕಾಯ್ದೆ ಎರಡು ವರ್ಷ ಕಾಲಾವಕಾಶ ಕೊಟ್ಟಿದೆ.

ಇನ್ನೊಂದು ಗೊಂದಲ ಬಹಳ ಜನರಿಗಿದೆ: ಕೇಳಬೇಕಾದದ್ದು ಯಾರನ್ನು? ನಿಮ್ಮ ಫೋನಿನ ಹಿಂದೆ ಮೂವರಿದ್ದಾರೆ. ಒಬ್ಬರು ಆಪ್ ಅಥವಾ ವೆಬ್‌ಸೈಟ್ ನಡೆಸುವವರು. ಇವರನ್ನು ಮಾರ್ಕೆಟ್‌ಪ್ಲೇಸ್ ಎನ್ನುತ್ತಾರೆ, ಅಂದರೆ ಸಂತೆಯ ಜಾಗ ಒದಗಿಸುವವರು ಇದ್ದ ಹಾಗೆ. ಇನ್ನೊಬ್ಬರು ಆ ಸಂತೆಯಲ್ಲಿ ಅಂಗಡಿ ಇಟ್ಟವರು, ನಿಜವಾದ ಮಾರಾಟಗಾರರು. ಅವರ ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆ ಬಿಲ್ಲಿನಲ್ಲೇ ಇರುತ್ತದೆ. ಹೆಚ್ಚಿನವರು ಅದನ್ನು ಓದಿಯೇ ಇರುವುದಿಲ್ಲ. ಮೂರನೆಯವರು ಫೋನ್ ತಯಾರಿಸಿದ ಕಂಪನಿ, ಅದರ ಜೊತೆಗೆ ಅದರ ಸರ್ವಿಸ್ ಸೆಂಟರ್. ದೂರು ಕೊಟ್ಟಾಗ ಇವರು ಒಬ್ಬರತ್ತ ಒಬ್ಬರು ಬೆರಳು ತೋರಿಸುವುದು ಸಾಮಾನ್ಯ. ‘ನಾವು ಬರೀ ಮಧ್ಯವರ್ತಿಗಳು’ ಎಂಬುದು ಮಾರ್ಕೆಟ್‌ಪ್ಲೇಸಿನವರ ಹಳೆಯ ವಾದ. ಆಯೋಗಗಳು ಇದನ್ನು ಎಷ್ಟೋ ಪ್ರಕರಣಗಳಲ್ಲಿ ಒಪ್ಪಿಲ್ಲ. ಆದ್ದರಿಂದ ನನ್ನ ಸಲಹೆ ಒಂದೇ: ದೂರಿನಲ್ಲಿ ಮೂವರನ್ನೂ ಎದುರುದಾರರನ್ನಾಗಿ ಸೇರಿಸಿ. ಒಬ್ಬರನ್ನು ಬಿಟ್ಟರೂ ಉಳಿದವರು ತಪ್ಪನ್ನು ಅವರ ಮೇಲೆ ಹಾಕಿ ಜಾರಿಕೊಳ್ಳಬಹುದು.

ಈಗ ಕೆಲಸದ ಮಾತು. ಡಬ್ಬಿ ಒಡೆಯುವ ಮುಂಚೆ ಮನೆಯಲ್ಲಿರುವ ಇನ್ನೊಂದು ಫೋನಿನಲ್ಲಿ ವಿಡಿಯೊ ಶುರು ಮಾಡಿ. ಮೊದಲು ವಿಳಾಸದ ಚೀಟಿ ಕಾಣಲಿ, ಆಮೇಲೆ ಸೀಲ್, ಆಮೇಲೆ ಒಳಗಿನದು. ಮಧ್ಯದಲ್ಲಿ ವಿಡಿಯೊ ನಿಲ್ಲಿಸಬೇಡಿ. ಫೋನ್ ಆನ್ ಆದ ಮೇಲೆ *#06# ಎಂದು ಒತ್ತಿ. ಹದಿನೈದು ಅಂಕಿಯ ಐಎಂಇಐ ಸಂಖ್ಯೆ ಬರುತ್ತದೆ. ಇದು ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ, ಗಾಡಿಗೆ ಚಾಸಿ ನಂಬರ್ ಇದ್ದ ಹಾಗೆ. ಡಬ್ಬಿಯ ಮೇಲಿನದು, ಬಿಲ್ಲಿನಲ್ಲಿ ಇದ್ದರೆ ಅಲ್ಲಿಯದು, ಪರದೆಯ ಮೇಲಿನದು ಎಲ್ಲವೂ ಒಂದೇ ಆಗಿರಬೇಕು. ಕೆವೈಎಂ (KYM) ಎಂದು ಬರೆದು ಮುಂದೆ ಅದೇ ಸಂಖ್ಯೆಯನ್ನು ಸೇರಿಸಿ 14422ಕ್ಕೆ ಎಸ್‌ಎಂಎಸ್ ಮಾಡಿದರೆ ಫೋನ್ ಯಾವ ಕಂಪನಿಯದು, ಯಾವ ಮಾಡೆಲ್ ಎಂದು ಉತ್ತರ ಬರುತ್ತದೆ. ಡಬ್ಬಿಯನ್ನು ವಾರಂಟಿ ಮುಗಿಯುವವರೆಗೆ ಅಟ್ಟದ ಮೇಲಿಡಿ. ಬಿಲ್ಲನ್ನು ಡೌನ್‌ಲೋಡ್ ಮಾಡಿ ಇಮೇಲಿಗೆ ಕಳಿಸಿಕೊಳ್ಳಿ. ಆಪ್‌ನಲ್ಲೇ ಇರುತ್ತದಲ್ಲ ಎಂದುಕೊಳ್ಳಬೇಡಿ. ಖಾತೆ ಲಾಕ್ ಆದರೆ ಅದೂ ಸಿಗುವುದಿಲ್ಲ.

ದೋಷ ಕಂಡ ದಿನವೇ ಆಪ್‌ನಲ್ಲಿ ದೂರು ದಾಖಲಿಸಿ. ಫೋನಿನಲ್ಲಿ ಮಾತಾಡಿದರೆ ಸಾಲದು. ದೂರಿಗೊಂದು ಟಿಕೆಟ್ ಸಂಖ್ಯೆ, ಅಂದರೆ ಅದನ್ನು ಹಿಂಬಾಲಿಸಲು ನೆರವಾಗುವ ನೋಂದಣಿ ಸಂಖ್ಯೆ, ಕೊಡಲೇಬೇಕು ಎಂಬುದು ನಿಯಮ. ಚಾಟ್‌ನ ಸ್ಕ್ರೀನ್‌ಶಾಟ್ ತೆಗೆದಿಡಿ. ದಿನಾಂಕ ಕಾಣುವಂತಿರಲಿ.

ಸರ್ವಿಸ್ ಸೆಂಟರಿಗೆ ಹೋದರೆ ಜಾಬ್ ಶೀಟ್ ಇಲ್ಲದೆ ಕೌಂಟರ್ ಬಿಟ್ಟು ಬರಬೇಡಿ. ಜಾಬ್ ಶೀಟ್ ಅಂದರೆ ನೀವು ಫೋನ್ ಕೊಟ್ಟ ದಿನ, ನೀವು ಹೇಳಿದ ತೊಂದರೆ, ಫೋನಿನ ಸ್ಥಿತಿ, ಐಎಂಇಐ ಎಲ್ಲ ಇರುವ ಒಂದು ಹಾಳೆ. ಅದರಲ್ಲಿ ನಿಮ್ಮ ದೂರನ್ನು ನೀವು ಹೇಳಿದಂತೆಯೇ ಬರೆದಿದ್ದಾರೆಯೇ ಎಂದು ಓದಿ. ‘ಪರದೆಯಲ್ಲಿ ಹಸಿರು ಗೆರೆ’ ಎಂದು ನೀವು ಹೇಳಿದ್ದು ಅಲ್ಲಿ ಬರೀ ‘ಡಿಸ್‌ಪ್ಲೇ ಚೆಕ್’ ಎಂದಾಗಿರಬಹುದು. ಸಹಿ ಹಾಕುವ ಮುಂಚೆ ತಿದ್ದಿಸಿ. ಹೊರಗೆ ಗೀರಿಲ್ಲ, ಒಡೆದಿಲ್ಲ ಎಂಬುದೂ ಬರಲಿ. ವಾರಂಟಿ ಇಲ್ಲ ಎಂದರೆ ಯಾವ ಕಾರಣಕ್ಕೆ ಎಂದು ಬರೆದು ಕೊಡಲು ಕೇಳಿ. ಬರೆದು ಕೊಡಲು ಒಪ್ಪದಿದ್ದರೆ ಅಲ್ಲೇ ನಿಂತು ಕಂಪನಿಗೆ ಇಮೇಲ್ ಮಾಡಿ: ಇಂಥ ದಿನ, ಇಷ್ಟು ಗಂಟೆಗೆ, ಇಂಥ ಸೆಂಟರಿನಲ್ಲಿ ಹೀಗೆ ಹೇಳಿದರು, ಲಿಖಿತವಾಗಿ ಕೊಡಲಿಲ್ಲ. ಡಬ್ಬಿ ಒಡೆದಾಗಿನಿಂದಲೇ ಫೋನ್ ಕೆಲಸ ಮಾಡದಿದ್ದರೆ ಡಿಒಎ ಪ್ರಮಾಣಪತ್ರ ಕೇಳಿ. ಬಂದಾಗಲೇ ಕೆಟ್ಟಿತ್ತು ಎಂದು ಸರ್ವಿಸ್ ಸೆಂಟರೇ ಬರೆದುಕೊಡುವ ಕಾಗದ ಅದು. ಅದಿದ್ದರೆ ಮಾರಾಟಗಾರರಿಗೆ ನುಣುಚಿಕೊಳ್ಳಲು ದಾರಿ ಕಡಿಮೆ.

ಬರವಣಿಗೆಯ ದಾಖಲೆಗೆ ಇಷ್ಟು ಮಹತ್ವ ಯಾಕೆ ಎನ್ನುತ್ತೀರಾ? ಬೆಂಗಳೂರಿನದೇ ಒಂದು ಪ್ರಕರಣ ಇದೆ. ಫ್ರೇಜರ್ ಟೌನಿನ ಒಬ್ಬರು 2021ರ ಅಕ್ಟೋಬರಿನಲ್ಲಿ ಐಫೋನ್ 13 ಕೊಂಡಿದ್ದರು. ಒಂದು ವರ್ಷದ ವಾರಂಟಿ ಇತ್ತು. ಬ್ಯಾಟರಿ ಬೇಗ ಇಳಿಯತೊಡಗಿತು, ಸ್ಪೀಕರಿನಲ್ಲೂ ತೊಂದರೆ. ಇಂದಿರಾನಗರದ ಸರ್ವಿಸ್ ಸೆಂಟರಿಗೆ ಕೊಟ್ಟರು. ಮೊದಲು ಸರಿಯಾಗುತ್ತದೆ ಎಂದವರು ಆಮೇಲೆ ಫೋನಿನ ಹೊರ ಜಾಲರಿಯ ಮೇಲೆ ಅಂಟಿನಂಥದ್ದೇನೋ ಇದೆ, ವಾರಂಟಿಯಲ್ಲಿ ಬರುವುದಿಲ್ಲ ಎಂದರು. ಫೋನ್ ಕೊಂಡವರು ಬಿಡದೆ ಇಮೇಲ್ ಮಾಡಿದರು, ನೋಟಿಸ್ ಕೊಟ್ಟರು, ಗ್ರಾಹಕರ ಆಯೋಗಕ್ಕೆ ಹೋದರು. ಫೋನಿನ ಬೆಲೆ ₹79,900 ಮತ್ತು ಅದಕ್ಕೆ ಬಡ್ಡಿ, ಜೊತೆಗೆ ₹20,000 ಪರಿಹಾರ ಕೊಡುವಂತೆ 2023ರಲ್ಲಿ ಆಯೋಗ ಆ್ಯಪಲ್ ಕಂಪನಿಗೆ ಆದೇಶಿಸಿತು. ಕೆಂಪು ಸ್ಟಿಕ್ಕರ್, ಅಂಟು ಎಂಬ ಮಾತು ಕೇಳಿದ ಕೂಡಲೇ ಕೈಚೆಲ್ಲುವವರು ಈ ಪ್ರಕರಣವನ್ನು ನೆನಪಿಟ್ಟುಕೊಳ್ಳಬೇಕು.

ಸರ್ವಿಸ್ ಸೆಂಟರಿನಲ್ಲಿ ಆಗಲಿಲ್ಲವೆಂದರೆ ಮುಂದಿನ ಮೆಟ್ಟಿಲು ಗ್ರೀವೆನ್ಸ್ ಆಫೀಸರ್, ಅಂದರೆ ಕುಂದುಕೊರತೆ ಅಧಿಕಾರಿ. ಪ್ರತಿ ಇ-ಕಾಮರ್ಸ್ ಸಂಸ್ಥೆಯೂ ಇವರ ಹೆಸರು, ಹುದ್ದೆ, ಸಂಪರ್ಕ ವಿವರವನ್ನು ವೆಬ್‌ಸೈಟಿನಲ್ಲಿ ಹಾಕಿರಬೇಕು. ಪುಟದ ತಳಭಾಗದಲ್ಲಿ, ಸಣ್ಣ ಅಕ್ಷರದಲ್ಲಿ ಹುಡುಕಿ. ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಕಸ್ಟಮರ್ ಕೇರಿನಲ್ಲಿ ಹತ್ತು ಸಲ ಮಾತಾಡುವುದಕ್ಕಿಂತ ಇವರಿಗೆ ಒಂದು ಇಮೇಲ್ ಮಾಡುವುದು ಮೇಲು.

ಅದರ ಜೊತೆಗೇ 1915ಕ್ಕೆ ಕರೆ ಮಾಡಿ. ಇದು ಕೇಂದ್ರ ಸರ್ಕಾರದ ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ, ರಾಷ್ಟ್ರೀಯ ರಜೆ ಬಿಟ್ಟು, ಇರುತ್ತಾರೆ. 8800001915 ಸಂಖ್ಯೆಗೆ ವಾಟ್ಸ್‌ಆ್ಯಪ್ ಕೂಡ ಮಾಡಬಹುದು. ಇದು ಕೋರ್ಟ್ ಅಲ್ಲ, ಆದೇಶ ಕೊಡುವುದಿಲ್ಲ. ನಿಮ್ಮ ದೂರನ್ನು ಕಂಪನಿಗೆ ತಲುಪಿಸಿ ಉತ್ತರ ಕೇಳುತ್ತದೆ. ದೊಡ್ಡ ಕಂಪನಿಗಳು ಈ ಸಹಾಯವಾಣಿಯೊಂದಿಗೆ ಕೈಜೋಡಿಸಿರುವುದರಿಂದ ಎಷ್ಟೋ ದೂರುಗಳು ಇಲ್ಲೇ ಮುಗಿಯುತ್ತವೆ. ಖರ್ಚೇನೂ ಇಲ್ಲ.

ಇಲ್ಲೊಂದು ಎಚ್ಚರಿಕೆ. ಕೊಂಡ ವೆಬ್‌ಸೈಟೇ ನಕಲಿಯಾಗಿದ್ದರೆ ಈ ದಾರಿ ಉಪಯೋಗಕ್ಕೆ ಬಾರದು. ಅದು ವಂಚನೆ. ತಡಮಾಡದೆ 1930ಕ್ಕೆ, ಅಂದರೆ ಸೈಬರ್ ವಂಚನೆಯ ಸಹಾಯವಾಣಿಗೆ ಕರೆ ಮಾಡಿ. ನಂತರ ನಮ್ಮ ಕಡೆಯವರು ವೈಟ್‌ಫೀಲ್ಡ್ ಸಿಇಎನ್ ಠಾಣೆಗೆ, ಅಂದರೆ ಸೈಬರ್ ಅಪರಾಧ ನೋಡಿಕೊಳ್ಳುವ ಪೊಲೀಸ್ ಠಾಣೆಗೆ, ದೂರು ಕೊಡಬಹುದು.

ಸಹಾಯವಾಣಿಯಲ್ಲೂ ಆಗದಿದ್ದರೆ ಉಳಿಯುವುದು ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. ಜನ ಈಗಲೂ ಗ್ರಾಹಕರ ಕೋರ್ಟ್ ಎನ್ನುತ್ತಾರೆ. ಅಲ್ಲಿಗೆ ಹೋಗುವ ಮುಂಚೆ ಮೂವರಿಗೂ ಒಂದು ನೋಟಿಸ್ ಕಳಿಸುವುದು ಒಳ್ಳೆಯದು. ವಕೀಲರೇ ಬರೆಯಬೇಕೆಂದಿಲ್ಲ. ಏನು ಕೊಂಡಿರಿ, ಏನಾಯಿತು, ಏನು ಬೇಕು, ಎಷ್ಟು ದಿನದೊಳಗೆ ಬೇಕು, ಇಷ್ಟು ಒಂದು ಪುಟದಲ್ಲಿ ಬರೆದು ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

ಖರ್ಚಿನ ಭಯವೇ ಹೆಚ್ಚಿನವರನ್ನು ಹಿಂದಕ್ಕೆಳೆಯುವುದು. ಕೇಳಿ: ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಆಯೋಗದ ಶುಲ್ಕ ಸೊನ್ನೆ. ದುಬಾರಿ ಫೋನಾದರೂ ಸಾಮಾನ್ಯವಾಗಿ ಅಷ್ಟರೊಳಗೇ ಬರುತ್ತದೆ. ವಕೀಲರಿಲ್ಲದೆ ನೀವೇ ವಾದಿಸಬಹುದು. ಅಫಿಡವಿಟ್, ನೋಟರಿ, ಜೆರಾಕ್ಸ್, ಅಂಚೆ ಇವಿಷ್ಟೇ ಕೈಯಿಂದ ಹೋಗುವುದು. ದೋಷ ಕಣ್ಣಿಗೆ ಕಾಣದಂಥದ್ದಾಗಿದ್ದರೆ ಆಯೋಗ ಫೋನನ್ನು ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸಬಹುದು. ಆಗ ಪರೀಕ್ಷೆಯ ಶುಲ್ಕವನ್ನು ಮೊದಲು ನೀವು ಕಟ್ಟಬೇಕಾಗಬಹುದು.

ಊರು ಹಾಸನ, ಕೆಲಸ ವೈಟ್‌ಫೀಲ್ಡ್, ಮಾರಾಟಗಾರ ದೆಹಲಿ, ಎಲ್ಲಿ ದೂರು ಕೊಡಲಿ ಎಂಬ ಪ್ರಶ್ನೆ ಇಲ್ಲಿ ಬಹಳ ಜನರದು. 2019ರ ಕಾಯ್ದೆ ತಂದ ದೊಡ್ಡ ಅನುಕೂಲವೇ ಇದು. ನೀವು ವಾಸಿಸುವ ಜಾಗದಲ್ಲಿ ಅಥವಾ ದುಡಿಯುವ ಜಾಗದಲ್ಲಿ ಕೊಡಬಹುದು. ಮಾರಾಟಗಾರನ ಊರಿಗೆ ಅಲೆಯಬೇಕಿಲ್ಲ. ವೈಟ್‌ಫೀಲ್ಡ್ ಬೆಂಗಳೂರು ನಗರ ಜಿಲ್ಲೆಗೆ ಸೇರಿದ್ದು. ನಗರದಲ್ಲಿ ಒಂದಕ್ಕಿಂತ ಹೆಚ್ಚು ಆಯೋಗಗಳಿದ್ದು, ಶಾಂತಿನಗರದ ಬಿಎಂಟಿಸಿ ಕಟ್ಟಡದಲ್ಲೂ ಇವೆ. ನೇರಳೆ ಮಾರ್ಗದ ಮೆಟ್ರೊ ಹಿಡಿದು ಎಂ.ಜಿ. ರಸ್ತೆಯಲ್ಲಿ ಇಳಿದರೆ ಅಲ್ಲಿಗೆ ಆಟೊ ಸಿಗುತ್ತದೆ. ಹೋಗದೆಯೂ ದೂರು ಸಲ್ಲಿಸಬಹುದು. ಮೊದಲು ಇ-ದಾಖಿಲ್ ಇತ್ತು, 2025ರ ಜನವರಿ 1ರಿಂದ ಇ-ಜಾಗೃತಿ ಪೋರ್ಟಲ್ ಬಂದಿದೆ. ಕೋರಿದರೆ ವಿಡಿಯೊ ಕಾನ್ಫರೆನ್ಸ್ ಮೂಲಕ ವಿಚಾರಣೆಗೂ ಅವಕಾಶವಿದೆ. ರಜೆ ಸಿಗದವರಿಗೆ ಇದು ದೊಡ್ಡ ಉಪಕಾರ.

ದೂರಿನ ಜೊತೆ ಸ್ಕ್ರೀನ್‌ಶಾಟ್, ವಿಡಿಯೊ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಲಗತ್ತಿಸಿದರೆ ಬಲ ಹೆಚ್ಚು. ಈ ದಾಖಲೆ ಯಾವ ಸಾಧನದಿಂದ ಬಂತು ಎಂದು ದೃಢೀಕರಿಸುವ ಕಾಗದ ಅದು.

ಫೋನ್ ಅಣ್ಣ ಕೊಡಿಸಿದ್ದು, ಬಿಲ್ ಅವನ ಹೆಸರಿನಲ್ಲಿದೆ ಎಂದರೂ ತೊಂದರೆಯಿಲ್ಲ. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ. ಮಾರುವುದಕ್ಕೆ ಅಥವಾ ವ್ಯಾಪಾರಕ್ಕೆಂದು ಕೊಂಡವರು ಮಾತ್ರ ಗ್ರಾಹಕರಲ್ಲ. ಸ್ವಂತ ದುಡಿಮೆಯಲ್ಲಿ ಹೊಟ್ಟೆ ಹೊರೆಯಲು ಫೋನ್ ಬಳಸುವ ಆಟೊ ಚಾಲಕರಿಗೆ ಕಾಯ್ದೆಯ ರಕ್ಷಣೆ ಇದೆ.

ಎಷ್ಟು ದಿನ ಹಿಡಿಯುತ್ತದೆ? ಎದುರುದಾರರು 30 ದಿನದೊಳಗೆ ಉತ್ತರ ಕೊಡಬೇಕು, ಹೆಚ್ಚೆಂದರೆ ಇನ್ನು 15 ದಿನ. ನೋಟಿಸ್ ತಲುಪಿ ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಇತ್ಯರ್ಥ ಮಾಡಲು ಪ್ರಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ನಿಜದಲ್ಲಿ ಇದಕ್ಕಿಂತ ಹೆಚ್ಚು ಹಿಡಿಯುವುದುಂಟು, ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿ. ರಾಜಾಜಿನಗರದ ಮಹಿಳೆಯೊಬ್ಬರು 2022ರ ಜನವರಿ 15ರಂದು ಫ್ಲಿಪ್‌ಕಾರ್ಟ್‌ನಲ್ಲಿ ₹12,499 ಕೊಟ್ಟು ಫೋನ್ ಆರ್ಡರ್ ಮಾಡಿದ್ದರು. ಫೋನ್ ಬರಲೇ ಇಲ್ಲ. 2023ರ ಜನವರಿಯಲ್ಲಿ ಆಯೋಗ ಆ ಹಣವನ್ನು ಶೇ 12ರ ಬಡ್ಡಿಯೊಂದಿಗೆ ಮರಳಿಸಲು, ₹20,000 ದಂಡ ಮತ್ತು ₹10,000 ವ್ಯಾಜ್ಯದ ಖರ್ಚು ಕೊಡಲು ಆದೇಶಿಸಿತು. ಹನ್ನೆರಡು ಸಾವಿರದ ಫೋನಿಗೆ ಯಾರು ಓಡಾಡುತ್ತಾರೆ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಆದೇಶ ಬಂದ ಮೇಲೂ ಕಂಪನಿ ಹಣ ಕೊಡದಿದ್ದರೆ ಅದೇ ಆಯೋಗಕ್ಕೆ ಅರ್ಜಿ ಹಾಕಬಹುದು. ಪಾಲಿಸದವರಿಗೆ ಒಂದು ತಿಂಗಳಿನಿಂದ ಮೂರು ವರ್ಷದವರೆಗೆ ಜೈಲು, ₹25,000ದಿಂದ ₹1 ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು.

ನಮ್ಮ ಪಕ್ಕದ ಮನೆಯ ಹುಡುಗ ಮತ್ತೆ ಸರ್ವಿಸ್ ಸೆಂಟರಿಗೆ ಹೋಗಿ ಜಾಬ್ ಶೀಟ್ ಬರೆಸಿಕೊಂಡು ಬಂದಿದ್ದಾನೆ. ಅವನಿಗೆ ಇನ್ನೂ ಸಮಯವಿದೆ. ನಿಮ್ಮ ಮನೆಯಲ್ಲೂ ಕಳೆದ ಎರಡು ವರ್ಷದೊಳಗೆ ಕೆಟ್ಟು ಮೂಲೆ ಸೇರಿದ ಫೋನ್ ಇದ್ದರೆ ಇವತ್ತೇ ಅದರ ಬಿಲ್ ಹುಡುಕಿ, 1915ಕ್ಕೆ ಕರೆ ಮಾಡಿ.