‘ಕೊಡು’ ಎಂಬ ಕ್ರಿಯಾಪದ: ಹೆಣ್ಣು ಶಿಶುಹತ್ಯೆ, ಕಾವ್ಯಭಾಷೆ ಮತ್ತು ನಮ್ಮ ಪದ್ಯಪಾಠ

ಬೋಧನಾಭ್ಯಾಸದ ಪಾಠಗಳನ್ನು ವೀಕ್ಷಿಸಲು ಪ್ರೌಢಶಾಲೆಗಳಿಗೆ ಹೋದಾಗ ಒಂದು ಸಂಗತಿಯನ್ನು ನಾನು ಪದೇ ಪದೇ ಕಂಡಿದ್ದೇನೆ. ಹೆಣ್ಣಿನ ಬದುಕನ್ನು ಕುರಿತ ಪದ್ಯವಾದರೆ ನಮ್ಮ ಪ್ರಶಿಕ್ಷಣಾರ್ಥಿಗಳು ಹದಿನೈದನೆಯ ನಿಮಿಷಕ್ಕೆಲ್ಲ ಪದ್ಯವನ್ನು ಬಿಟ್ಟು ಘೋಷವಾಕ್ಯಕ್ಕೆ ಬಂದುಬಿಡುತ್ತಾರೆ. ಕಪ್ಪುಹಲಗೆಯ ಮೇಲೆ ‘ಹೆಣ್ಣು ಮಗುವನ್ನು ಉಳಿಸಿ’ ಎಂದು ಬರೆಯುತ್ತಾರೆ. ಗಂಡು ಹೆಣ್ಣು ಸಮಾನರಲ್ಲವೇ ಎಂದು ಕೇಳುತ್ತಾರೆ, ಮಕ್ಕಳು ಒಕ್ಕೊರಲಿನಿಂದ ‘ಹೌದು’ ಎನ್ನುತ್ತಾರೆ. ಅಲ್ಲಿಗೆ ಪಾಠಯೋಜನೆಯ ‘ಮೌಲ್ಯ’ದ ಕಾಲಂ ತುಂಬಿತು. ಘೋಷವಾಕ್ಯದಲ್ಲಿ ತಪ್ಪೇನಿಲ್ಲ. ಆದರೆ ಅದನ್ನು ಆಸ್ಪತ್ರೆಯ ಗೋಡೆಯ ಮೇಲೂ ಓದಬಹುದು, ಅದಕ್ಕೆ ಪದ್ಯ ಬೇಕಿಲ್ಲ. ಪದ್ಯ ಮಾಡುವ ಕೆಲಸ ಬೇರೆ. ನಾವು ದಿನವೂ ಆಡುವ ಮಾತಿನೊಳಗೆ ಅವಿತಿರುವ ತಾರತಮ್ಯವನ್ನು ಅದೇ ಮಾತಿನಿಂದ ಹೊರಗೆಳೆಯುವುದು ಅದರ ಕೆಲಸ. ಅದನ್ನು ತರಗತಿಯಲ್ಲಿ ಹೇಗೆ ತೋರಿಸಬಹುದು ಎಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸುತ್ತೇನೆ.

ಮೊದಲು ಮನೆಮಾತನ್ನೇ ನೋಡೋಣ. ‘ಹೆಣ್ಣು, ಹೊನ್ನು, ಮಣ್ಣು’ ಎನ್ನುತ್ತೇವೆ. ಮೂರರಲ್ಲಿ ಎರಡು ಆಸ್ತಿ, ಒಂದು ಮನುಷ್ಯಜೀವ. ಪ್ರಾಸದ ಇಂಪಿನಲ್ಲಿ ಈ ವ್ಯತ್ಯಾಸ ಕಿವಿಗೆ ಬೀಳುವುದೇ ಇಲ್ಲ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆಯ ಕಠೋರತೆ ಮಕ್ಕಳಿಗೆ ಬೇಗ ತಿಳಿಯುತ್ತದೆ. ಆದರೆ ‘ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ’ ಎಂಬುದನ್ನು ಪ್ರೀತಿಯ ಮಾತೆಂದೇ ಎಲ್ಲರೂ ತಿಳಿಯುತ್ತಾರೆ. ಇಲ್ಲಿ ನಿಂತು ಕೇಳಬೇಕು: ಆರತಿ ಎತ್ತಲು ಒಬ್ಬಳು ಸಾಕಾದರೆ ಎರಡನೆಯವಳು ಯಾತಕ್ಕೆ? ಪ್ರಶ್ನೆ ಗಾದೆಯ ಒಳಗೇ ಇದೆ. ಅದಕ್ಕೆ ಸಮಾಜ ಕೊಟ್ಟ ಉತ್ತರ ಅಂಕಿಗಳಲ್ಲಿದೆ. ಮೊದಲ ಮಗು ಹೆಣ್ಣಾಗಿದ್ದ ಮನೆಗಳಲ್ಲಿ ಎರಡನೆಯ ಹೆರಿಗೆಯ ಲಿಂಗಾನುಪಾತವನ್ನು ಲೆಕ್ಕ ಹಾಕಿದ ಅಧ್ಯಯನವೊಂದು 2011ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ದೇಶದಲ್ಲಿ 1990ರಲ್ಲಿ ಇಂಥ ಹೆರಿಗೆಗಳಲ್ಲಿ 1000 ಗಂಡುಗಳಿಗೆ 906 ಹೆಣ್ಣುಗಳಿದ್ದರೆ, 2005ರ ಹೊತ್ತಿಗೆ ಅದು 836ಕ್ಕೆ ಇಳಿದಿತ್ತು. ಒಬ್ಬಳು ಬಂದಾಗಿದೆ, ಇನ್ನೊಬ್ಬಳು ಬೇಡ.

ಕೊಲೆಗೂ ಸಿಹಿಮಾತಿನ ಹೊದಿಕೆ ಇತ್ತು. 1789ರಲ್ಲಿ ಬನಾರಸದ ರೆಸಿಡೆಂಟನಾಗಿದ್ದ ಜೊನಾಥನ್ ಡಂಕನ್ ಅಲ್ಲಿನ ರಾಜಕುಮಾರ ಎಂಬ ಸಮುದಾಯದಲ್ಲಿ ಹೆಣ್ಣು ಶಿಶುಗಳನ್ನು ಉಳಿಸುತ್ತಿಲ್ಲವೆಂಬುದನ್ನು ದಾಖಲಿಸಿದ. 1795ರಲ್ಲಿ ಕಂಪನಿ ಸರ್ಕಾರ ಅದನ್ನು ಕೊಲೆಯೆಂದು ಕರೆದು ಕಟ್ಟಳೆ ಮಾಡಿತು, 1870ರಲ್ಲಿ ಪ್ರತ್ಯೇಕ ಕಾಯಿದೆಯೇ ಬಂತು. ಕಾಠಿಯಾವಾಡ ಮತ್ತು ಕಛ್ ಪ್ರದೇಶದಲ್ಲಿ ಈ ಕೃತ್ಯಕ್ಕೆ ಇದ್ದ ಹೆಸರು ‘ದೂಧ್ ಪೀತಿ’, ಅಂದರೆ ಹಾಲು ಕುಡಿಸುವುದು. ಪಂಜಾಬಿನ ಕೆಲವು ಕಡೆ ಮಗುವಿನ ಬಾಯಿಗೆ ಬೆಲ್ಲ, ಕೈಗೆ ಹತ್ತಿಯ ಎಳೆ ಇಟ್ಟು, ನೀನು ಬರಬೇಡ, ತಮ್ಮನನ್ನು ಕಳಿಸು ಎಂಬ ಅರ್ಥದ ಪದ್ಯ ಹೇಳುತ್ತಿದ್ದರೆಂಬ ದಾಖಲೆಗಳಿವೆ. ಹಾಲು, ಬೆಲ್ಲ, ಹತ್ತಿ ಮೂರೂ ನಮ್ಮ ಶುಭಕಾರ್ಯದ ವಸ್ತುಗಳು. ಪದ್ಯಕ್ಕೂ ಕೈ ಶುದ್ಧವಾಗಿರಲಿಲ್ಲ ಎಂಬುದನ್ನು ಪ್ರಶಿಕ್ಷಣಾರ್ಥಿಗಳು ಗಮನಿಸಬೇಕು. ಕಾವ್ಯಭಾಷೆ ಮುಚ್ಚಲೂ ಬಲ್ಲದು, ತೆರೆಯಲೂ ಬಲ್ಲದು. ಅಂದಹಾಗೆ, 2023ರ ನವೆಂಬರಿನಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ಭ್ರೂಣಲಿಂಗ ಪತ್ತೆ ಜಾಲದ ಸುದ್ದಿಯಲ್ಲಿ ಸ್ಕ್ಯಾನಿಂಗ್ ನಡೆಯುತ್ತಿದ್ದ ಸ್ಥಳವೆಂದು ಬಂದದ್ದು ಮಂಡ್ಯ ಜಿಲ್ಲೆಯ ಒಂದು ಆಲೆಮನೆ. ಮತ್ತೆ ಬೆಲ್ಲ! ಲಿಂಗಪತ್ತೆಯನ್ನು ನಿಷೇಧಿಸುವ ಕಾಯಿದೆ 1994ರಲ್ಲೇ ಆಗಿತ್ತು.

ನಮ್ಮ ರಾಜ್ಯದ ಸ್ಥಿತಿ ದೇಶದ ಸರಾಸರಿಗಿಂತ ಮೇಲು ಎಂದು ಸಮಾಧಾನ ಪಡುವವರಿದ್ದಾರೆ. ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ ಕರ್ನಾಟಕದಲ್ಲಿ 1991ರಲ್ಲಿ 960 ಹೆಣ್ಣುಮಕ್ಕಳಿದ್ದರು, 2011ರಲ್ಲಿ 948. ಮೇಲು ಹೌದು, ಇಳಿದದ್ದೂ ಹೌದು.

ಇನ್ನು ತೆರೆಯುವ ಬಗೆ. ಇದಕ್ಕೆ ಅತಿ ಚಿಕ್ಕ ಉದಾಹರಣೆ ಒಂದು ಹೆಸರು: ಸಾಕಮ್ಮ. ಹಳೆಯ ತಲೆಮಾರಿನಲ್ಲಿ ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದಾಗ ‘ಇನ್ನು ಸಾಕಮ್ಮಾ’ ಎಂದು ದೇವರಿಗೆ ಹೇಳುವಂತೆ ಮಗುವಿಗೆ ಈ ಹೆಸರಿಡುತ್ತಿದ್ದರು. ಮಹಾರಾಷ್ಟ್ರದಲ್ಲಿ ಇಂಥದೇ ಹೆಸರು ‘ನಕುಶಾ’, ಅಂದರೆ ಬೇಡದವಳು. 2011ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಈ ಹೆಸರಿನ ಇನ್ನೂರಕ್ಕೂ ಹೆಚ್ಚು ಹುಡುಗಿಯರಿಗೆ ಸಮಾರಂಭ ಮಾಡಿ ಹೊಸ ಹೆಸರಿಟ್ಟರು. ಕನ್ನಡದ ಹೆಸರಿಗೆ ಮಾತ್ರ ಇನ್ನೊಂದು ಬಾಗಿಲಿದೆ. ‘ಸಾಕು’ ಎಂದರೆ ಇನ್ನು ಬೇಡ, ‘ಸಾಕು’ ಎಂದರೆ ಸಲಹು. ಬೇಡವೆಂದು ಇಟ್ಟ ಹೆಸರೇ ನನ್ನನ್ನು ಸಲಹಿ ಎಂದು ಕೂಗುತ್ತದೆ. ಶ್ಲೇಷೆ ಎಂದರೇನು ಎಂದು ಕಲಿಸಲು ಪಠ್ಯಪುಸ್ತಕದ ಉದಾಹರಣೆಗಿಂತ ಇದು ಮೇಲು ಎಂದು ನನ್ನ ಎಣಿಕೆ. ಆದರೆ ತರಗತಿಯಲ್ಲಿ ಆ ಹೆಸರಿನ ಅಜ್ಜಿಯಿರುವ ಮಗು ಇರಬಹುದು. ಹೆಸರಿನ ಬಗ್ಗೆ ನಗು ಹುಟ್ಟದಂತೆ ಹೇಳುವ ಹೊಣೆ ಶಿಕ್ಷಕರದು.

ಈಗ ಒಂದು ಇಡೀ ಪದ್ಯಕ್ಕೆ ಬರೋಣ. ‘ಕೆರೆಗೆ ಹಾರ’ ಜನಪದ ಕಥನಗೀತೆ ಎಲ್ಲರಿಗೂ ಗೊತ್ತು. ಅಲ್ಲಿ ಬಲಿಯಾಗುವವಳು ಶಿಶುವಲ್ಲ, ಸೊಸೆ. ಆದರೂ ಶಿಶುಹತ್ಯೆಯ ಹಿಂದಿನ ಲೆಕ್ಕಾಚಾರವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪದ್ಯ ನನಗೆ ಬೇರೆ ಸಿಕ್ಕಿಲ್ಲ. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ, ಹೊತ್ತಿಗೆ ತೆಗೆಸಿದರೆ ಬಲಿ ಬೇಕೆಂದು ಬಂತು. ಹಿರಿಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಜನ ಇರುವುದಿಲ್ಲ, ಹಾಗಾಗಿ ಕಿರಿಸೊಸೆ ಭಾಗೀರತಿ. ಸಿಟ್ಟಿಲ್ಲ, ದ್ವೇಷವಿಲ್ಲ, ಬರೀ ಕಳೆಯುವ ಲೆಕ್ಕ. ಮನೆಯಲ್ಲಿ ಯಾರಿಗೆ ಕೆಲಸವಿದೆ, ಯಾರಿಲ್ಲದೆ ನಡೆಯುತ್ತದೆ ಎಂಬ ಎಣಿಕೆ. ಬಾಣಂತಿಯ ಕೋಣೆಯ ಹೊರಗೆ ನಡೆದದ್ದೂ ಇದೇ ಎಣಿಕೆಯೇ.

ಪದ್ಯ ಎಲ್ಲಿಯೂ ಇದು ಅನ್ಯಾಯ ಎಂದು ಹೇಳುವುದಿಲ್ಲ. ಒಂದೇ ಕ್ರಿಯಾಪದವನ್ನು ಕೈಯಿಂದ ಕೈಗೆ ದಾಟಿಸುತ್ತ ಹೋಗುತ್ತದೆ. ನಮ್ಮ ಮಾತಿನಲ್ಲಿ ಮದುವೆಗೂ ‘ಹೆಣ್ಣು ಕೊಡು’, ಕೆರೆಗೂ ‘ಕೊಡು’. ಭಾಗೀರತಿ ಕೊನೆಯ ಬಾರಿ ತವರಿಗೆ ಹೋದಾಗ ಅತ್ತೆಮಾವ ಬೇರೆ ಇಡುತ್ತಾರಂತೆ ಎಂದಷ್ಟೇ ಅಪ್ಪನಿಗೆ ಹೇಳುತ್ತಾಳೆ. ಇಟ್ಟರೆ ಇಡಲಿ, ಹೊಲಮನೆ ಕೊಡಿಸುತ್ತೇನೆ ಎಂಬ ಅರ್ಥದ ಸಮಾಧಾನ ಅವನದು. ಅಪ್ಪ ಒಳ್ಳೆಯವನೇ. ಅವನಿಗೆ ಗೊತ್ತಿರುವ ಪರಿಹಾರ ಮಾತ್ರ ಆಸ್ತಿಯದು. ನಿಜ ತಿಳಿಯುವುದು ಗೆಳತಿಯೊಬ್ಬಳಿಗೆ. ಅವಳೂ ಕೊಟ್ಟರೆ ಕೊಡಲಿ, ಇಟ್ಟ ಹಾಗೆ ಇರಬೇಕು ಎಂಬ ಬುದ್ಧಿಮಾತನ್ನೇ ಹೇಳುತ್ತಾಳೆ. ನನ್ನ ಮಟ್ಟಿಗೆ ಇಡೀ ಹಾಡಿನಲ್ಲಿ ಅತ್ಯಂತ ಭಯಂಕರವಾದ ಜಾಗ ನೀರು ಏರುವುದಲ್ಲ, ಈ ಗೆಳತಿಯ ಉತ್ತರ. ಯಾಕೆಂದರೆ ಅದು ಪ್ರೀತಿಯಿಂದ ಬಂದದ್ದು. ಹೆಣ್ಣು ಹೆಣ್ಣಿಗೆ ಕಲಿಸುವ ತಾಳ್ಮೆಯ ಪಾಠ ಯಾವ ಅಂಚಿನವರೆಗೆ ಹೋಗಬಲ್ಲದು ಎಂಬುದು ಆ ಒಂದು ಮಾತಿನಲ್ಲಿದೆ.

ಆಮೇಲೆ ಬಂಗಾರದ ಬಟ್ಟಲು. ಪೂಜೆ ಮುಗಿಸಿ ಹೊರಟವರು ಅದನ್ನು ಕೆರೆಯಲ್ಲಿ ಬಿಟ್ಟು ಬಂದಿದ್ದಾರೆ. ತರಲು ಹೋಗುವವಳು ಭಾಗೀರತಿ. ಅವಳು ಮೆಟ್ಟಿಲು ಏರಿದಂತೆ ನೀರು ಪಾದಕ್ಕೆ, ಮೊಣಕಾಲಿಗೆ, ನಡುವಿಗೆ ಬರುತ್ತದೆ. ಮೇಲೇರುವವಳು ಮುಳುಗುತ್ತಾಳೆ. ಹಾಡಿನ ಪುನರಾವರ್ತನೆ ಇಲ್ಲಿ ಅಲಂಕಾರವಲ್ಲ, ಅಳತೆ. ಇದನ್ನು ವಿವರಿಸುವ ಬದಲು ನಿಧಾನವಾಗಿ ಎರಡು ಸಲ ಓದಿದರೆ ಸಾಕು, ತರಗತಿ ತಾನಾಗಿ ಮೌನವಾಗುತ್ತದೆ. ಶೀರ್ಷಿಕೆಯ ‘ಹಾರ’ವನ್ನೂ ಬಿಡಬಾರದು. ಆಹಾರ, ಬಲಿ ಎಂಬುದು ಇಲ್ಲಿನ ಅರ್ಥ. ಕಿವಿಗೆ ಮಾತ್ರ ಕೊರಳಿಗೆ ಹಾಕುವ ಹಾರವೂ ಕೇಳಿಸುತ್ತದೆ. ಮದುವೆ, ಬಲಿ ಎರಡೂ ಒಂದೇ ಪದದಲ್ಲಿ.

ಕಳೆದ ಸಾಲಿನ ಒಂದು ಪಾಠದಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, “ಅವಳು ಅಪ್ಪನ ಹತ್ರ ಯಾಕೆ ನಿಜ ಹೇಳ್ಲಿಲ್ಲ ಮಿಸ್?” ಎಂದು ಕೇಳಿದಳು. ಪ್ರಶಿಕ್ಷಣಾರ್ಥಿ ಉತ್ತರಿಸಲು ಹೋಗಲಿಲ್ಲ. “ಹೇಳಿದ್ದಿದ್ದರೆ ಅಪ್ಪ ಏನು ಮಾಡುತ್ತಿದ್ದ?” ಎಂದು ತರಗತಿಗೇ ಕೇಳಿದಳು. ಕರ್ಕೊಂಡು ಬರ್ತಿದ್ದ ಎಂದರು ಕೆಲವರು. ಮದುವೆ ಮಾಡಿ ಕೊಟ್ಟ ಮೇಲೆ ಹೆಂಗೆ ಬರ್ತಾನೆ ಎಂದ ಒಬ್ಬ ಹುಡುಗ. ‘ಕೊಟ್ಟ ಮೇಲೆ’ ಎಂಬ ಮಾತನ್ನು ಆಕೆ ಹಲಗೆಯ ಮೇಲೆ ಬರೆದಳು. ಅಂದಿನ ಪಾಠದಲ್ಲಿ ಮೌಲ್ಯವನ್ನು ಬೇರೆಯಾಗಿ ಹೇಳಬೇಕಾಗಲಿಲ್ಲ. ವೀಕ್ಷಣಾ ಪುಸ್ತಕದಲ್ಲಿ ನಾನು ಆಕೆಗೆ ಬರೆದದ್ದು ‘ಉತ್ತರವನ್ನು ತಡೆಹಿಡಿದದ್ದು ಚೆನ್ನಾಗಿದೆ’ ಎಂದು.

ಭ್ರೂಣವೇ ಮಾತನಾಡುವ ಪದ್ಯಗಳು ಈಗ ಶಾಲಾ ವಾರ್ಷಿಕೋತ್ಸವಗಳಲ್ಲಿ ಧಾರಾಳ. ನಮ್ಮ ಪ್ರಶಿಕ್ಷಣಾರ್ಥಿಗಳೂ ಬರೆಯುತ್ತಾರೆ. ಮಾತಿಲ್ಲದ ಜೀವಕ್ಕೆ ಮಾತು ಕೊಡುವುದು ಕಾವ್ಯಕ್ಕೆ ಮಾತ್ರ ಸಾಧ್ಯವಾದ ಕೆಲಸ, ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಸಂಬೋಧನೆಯ ಬಗ್ಗೆ. ಇಂಥ ಹೆಚ್ಚಿನ ಪದ್ಯಗಳಲ್ಲಿ ಮಗು ಬೇಡಿಕೊಳ್ಳುವುದು ಅಮ್ಮನನ್ನು ಮಾತ್ರ. ವರದಕ್ಷಿಣೆಯ ಲೆಕ್ಕ ಹಾಕಿದವನು, ಆಸ್ತಿಗೆ ವಾರಸುದಾರ ಬೇಕೆಂದವನು, ಕಾಸಿಗಾಗಿ ಸ್ಕ್ಯಾನ್ ಮಾಡಿದವನು ಯಾರೂ ಪದ್ಯದೊಳಗೆ ಬರುವುದಿಲ್ಲ. ಕೊನೆಗೆ ಕಟಕಟೆಯಲ್ಲಿ ಒಬ್ಬಳೇ ನಿಂತಿರುತ್ತಾಳೆ, ಅವಳೂ ಹೆಣ್ಣೇ. ತಾರತಮ್ಯವನ್ನು ಖಂಡಿಸಲು ಹೊರಟ ಪದ್ಯ ಹೀಗೆ ತಾನೇ ಒಂದು ತಾರತಮ್ಯ ಮಾಡಿರುತ್ತದೆ. ಅದೇ ಪದ್ಯದಲ್ಲಿ ‘ಅಮ್ಮ’ ಎಂಬ ಕಡೆ ‘ಅಪ್ಪ’, ‘ಅಜ್ಜಿ’, ‘ಡಾಕ್ಟರೇ’ ಎಂದು ಹಾಕಿ ಓದಿಸಿ ನೋಡಿ. ಪದ ಒಂದು ಬದಲಾದರೆ ಹೊಣೆ ಎಲ್ಲಿಗೆ ಸರಿಯುತ್ತದೆ ಎಂಬುದು ಮಕ್ಕಳಿಗೆ ತಟ್ಟನೆ ಹೊಳೆಯುತ್ತದೆ.

ಪಾಠದ ಸಿದ್ಧತೆಯ ಬಗ್ಗೆ ಎರಡು ಮಾತು. ‘ನಿಮ್ಮ ಮನೆಯಲ್ಲಿ ಎಷ್ಟು ಜನ ಹೆಣ್ಣುಮಕ್ಕಳು?’ ಎಂದು ಪೀಠಿಕೆ ಪ್ರಶ್ನೆ ಕೇಳುವ ಅಭ್ಯಾಸ ಬೇಡ. ಮೂರನೆಯ, ನಾಲ್ಕನೆಯ ಮಗಳಾಗಿ ಹುಟ್ಟಿದವರು ಎದುರಿಗೇ ಕುಳಿತಿರುತ್ತಾರೆ. ತಾನು ಯಾಕೆ ಹುಟ್ಟಿದೆ ಎಂಬ ಕಥೆಯನ್ನು ಅವರು ಮನೆಯಲ್ಲಿ ಆಗಲೇ ಕೇಳಿರುತ್ತಾರೆ. ಪದ್ಯದ ಪಾತ್ರದ ಮೂಲಕ ಮಾತನಾಡಲು ಅವರಿಗೆ ಎಡೆ ಇರಲಿ. ಇನ್ನು ಘಟಕ ಪರೀಕ್ಷೆಯಲ್ಲಿ ‘ಪದ್ಯದ ಸಾರಾಂಶ ಬರೆಯಿರಿ’ ಎಂಬುದರ ಬದಲು ‘ಈ ಹಾಡಿನಲ್ಲಿ ಕೊಡುವವರು ಯಾರು ಯಾರು, ಏನನ್ನು, ಯಾರಿಗೆ ಕೊಡುತ್ತಾರೆ? ಭಾಗೀರತಿಯನ್ನು ಯಾರಾದರೂ ಕೇಳಿದರೇ?’ ಎಂದು ಕೊಡಬಹುದು. ನಾಲ್ಕು ಅಂಕದ ಪ್ರಶ್ನೆ. ಅಂಕ ಉತ್ತರದ ಉದ್ದಕ್ಕಲ್ಲ, ಹಾಡಿನಿಂದ ಹೆಕ್ಕಿ ತೋರಿಸಿದ ಪದಗಳಿಗೆ.